ಡ್ರಿಲ್ ಹಾಕಿದ ಗುಂಡು

ಪುಣೆಯ ಆರ್‌ಟಿಒ ಸಾಲಿನಲ್ಲಿ ನಿಂತಿದ್ದ ನಿವೃತ್ತ ಫೌಜಿ ಡ್ರೈವರ್ ಚನಮಲ್ಲಪ್ಪನ ಕಿವಿಗೆ ಕನ್ನಡ ಬಿತ್ತು. ಮುಂದಿದ್ದ ಗಂಡ ಹೆಂಡತಿ ತಾವು ಕೊಂಡ ಹಳೇ ಮಿಲಿಟರಿ ಟ್ರಕ್ಕಿನ ಮಾತಾಡುತ್ತಿದ್ದರು.

“ಇಂಜಿನ್ ಹೊಸಾದು. ಪವರ್ ಸ್ಟೀರಿಂಗ್ ಅದ, ಎ.ಸಿ. ಅದ.”

“ಬಾಗಲಕ್ಕ ಆ ತೂತು ಯಾಕ್ರಿ?”

“ಗುಂಡಿನ ತೂತು. ಮಿಸ್ತ್ರಿ ನಿನ್ನೆ ಡ್ರಿಲ್ ಹಾಕಿ ಮಾಡ್ಯಾನ.”

ಅಂಥದೇ ಬಾಗಿಲಿನಿಂದ ಚನಮಲ್ಲಪ್ಪ ಒಮ್ಮೆ ಸತ್ತ ಗೆಳೆಯನನ್ನು ಇಳಿಸಿದ್ದ.

“ಥೂ! ನಾಚಿಕಿ ಬರಂಗಿಲ್ಲೇನ್ರಿ?” ಹೆಂಡತಿ ಗಂಡನ ಕಡೆ ತಿರುಗಿದಳು.

“ಮಂದಿ ನೋಡಬೇಕಲ್ಲ! ಸೀಟಿಗೆ ರಕ್ತದ ಕಲೀನೂ ಹಾಕ್ಲೇನ್ರಿ ಅಂತ ಮಿಸ್ತ್ರಿ ಕೇಳಿದ.”

“ಶಿವನ! ನೀವೇನಂದ್ರಿ?”

“ಬ್ಯಾಡ ಅಂದೆ. ಹೊಸಾ ಸೀಟು, ಹೊಲಸಾಗ್ತದ.”

ಕಿಟಕಿಯಿಂದ ಹೆಸರು ಕೂಗಿದರು. ಗಂಡ ಕಾಗದ ಹಿಡಿದು ಓಡಿದ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹೊರಗೆ ನಿಂತಿದ್ದ ಟ್ರಕ್ಕು ದಾಟಿ ಬಸ್ ಸ್ಟಾಪಿನ ಕಡೆ ನಡೆದಳು.