ಪೆನ್ನಿಗೆ ಕಟ್ಟಿದ ದಾರ

ಕ್ಲಿನಿಕ್ಕಿನಲ್ಲಿ ಕೆಮ್ಮು ಅದುಮಿಕೊಂಡು ಸರದಿ ಕಾಯುತ್ತಿದ್ದ ಬಸ್ ಡ್ರೈವರನ ಕಿವಿಗೆ ಪಕ್ಕದ ಬೆಂಚಿನ ಅತ್ತೆ-ಸೊಸೆಯರ ಮಾತು ಬಿತ್ತು.

"ಪೆನ್ನಿಗೆ ದಾರ, ಟಾರ್ಚಿಗೆ ದಾರ. ನಾವೇನು ಕಳ್ಳರಾ? ಇವತ್ತು ಡಾಕ್ಟರಮ್ಮನ್ನ ಕೇಳೇಬಿಡ್ತೀನಿ," ಎಂದರು ಅತ್ತೆ.

"ಅಯ್ಯೋ, ಅದಕ್ಕಲ್ಲ ಅತ್ತೆ. ಅವರು ಬಾಹ್ಯಾಕಾಶಕ್ಕೆ ಹೋಗೋಕೆ ತರಬೇತಿ ತಗೊಂಡಿದ್ರಂತೆ. ಅಲ್ಲಿ ಕಟ್ಟಿಡದಿದ್ರೆ ಎಲ್ಲಾ ತೇಲಿಹೋಗುತ್ತಂತೆ."

"ಹೋಗಿಬಂದ್ರಾ?"

"ಎಲ್ಲಿ? ಕೊನೇ ಗಳಿಗೇಲಿ ಬೇರೆಯವರನ್ನ ಕಳಿಸಿದ್ರಂತೆ. ನರ್ಸ್ ಹೇಳಿದ್ರು."

"ಯಾವ ಕಾಲದ ಮಾತು?"

"ನನ್ನ ಮದುವೆಗೂ ಮುಂಚಿಂದು."

"ಹೋದ್ವಾರ ನಾನು ನೋಡಿದ್ದು ಹೊಸಾ ದಾರ ಕಣೇ. ಅದಕ್ಕೂ ಮುಂಚೆ ನೀಲಿದಿತ್ತು."

ಅಷ್ಟರಲ್ಲಿ ಡಾಕ್ಟರೇ ಬಾಗಿಲು ತೆರೆದು ಕರೆದರು. ಅತ್ತೆ ಸೊಸೆಯ ತೋಳು ಹಿಡಿದು ಎದ್ದರು.

"ದಾರದ ಮಾತು ಎತ್ತೀಯಾ ಮತ್ತೆ, ಹುಷಾರು," ಎಂದು ಪಿಸುಗುಟ್ಟಿ ಒಳಗೆ ನಡೆದರು.