ಬಾವಿ ತಿರುವಿನ ಕ್ರೌನ್

ಆಗ ಆ ಕಣಿವೆಯಲ್ಲಿ ಎಲ್ಲರೂ ನಂಬಿದ್ದು ಒಂದೇ: ಒನೊಫ್ರೆ ಕುಡಿದು ಗಾಡಿ ಓಡಿಸಿ ಸತ್ತ.

ನಂಬದೆ ಏನು ಮಾಡುತ್ತಾರೆ? ಶುಕ್ರವಾರ, ಗಣಿಯಲ್ಲಿ ಸಂಬಳದ ದಿನ. ಬಾವಿ ತಿರುವಿನ ಕೆಳಗೆ ಬಂಡೆಗಳ ನಡುವೆ ಮಗುಚಿ ಬಿದ್ದ ಪಿಕಪ್. ಒಳಗೆ ಒಡೆದ ವಿಸ್ಕಿ ಬಾಟಲಿ. ಪೊಲೀಸಿನವನು ಮೂಸಿ ನೋಡಿ ಬರೆದುಕೊಂಡ. ಪಾದ್ರಿ ಮೂಸದೆಯೇ ಒಪ್ಪಿಕೊಂಡರು. ಒನೊಫ್ರೆಯ ಹೆಂಡತಿ ಎರ್ಲಿಂಡಾ ಒಬ್ಬಳೇ, “ಬಾಟಲಿ ಮುಚ್ಚಳ ತೆಗೆದೇ ಇರಲಿಲ್ಲ” ಅನ್ನುತ್ತಿದ್ದಳು. ಗಂಡ ಸತ್ತವಳು ಇನ್ನೇನು ಹೇಳುತ್ತಾಳೆ ಅಂತ ಊರು ಕೇಳಿಸಿಕೊಂಡು ಸುಮ್ಮನಾಯಿತು.

ಎರ್ಲಿಂಡಾಳ ತಮ್ಮ ಡೆಲ್ಫಿನೊ ಕೂಡ ಇದನ್ನು ನಂಬಿರಲಿಲ್ಲ. ಅವನು ನಂಬಿದ್ದು ಇದಕ್ಕಿಂತ ಕೆಟ್ಟದ್ದು. ಅದನ್ನು ಯಾರಿಗೂ ಹೇಳಿರಲಿಲ್ಲ.

ಒನೊಫ್ರೆ ಸತ್ತು ವರ್ಷ ದಾಟಿದ ಚಳಿಗಾಲ. ಶನಿವಾರ ರಾತ್ರಿ, ಗಣಿಯ ಸಂಜೆ ಪಾಳಿ ಮುಗಿಸಿ ಬರುವಾಗ ಡೆಲ್ಫಿನೊನ ಪಿಕಪ್ ಘಾಟಿಯ ಮೇಲೆ ಕೆಮ್ಮಿ ನಿಂತಿತು. ಪೆಟ್ರೋಲ್ ಮುಗಿದಿತ್ತು. ಅದಕ್ಕೇನೂ ದೆವ್ವ ಬೇಕಿಲ್ಲ, ಮರೆವು ಸಾಕು. ಟಾರ್ಚು ತೆಗೆದುಕೊಂಡು ನಡೆಯತೊಡಗಿದ. ನ್ಯೂ ಮೆಕ್ಸಿಕೋದ ಉತ್ತರದ ಬೆಟ್ಟಗಳಲ್ಲಿ ಜನವರಿಯ ಚಳಿ ಎಂದರೆ ಮೂಗಿನೊಳಗಿನ ಕೂದಲು ಕಟಕಟ ಅನ್ನುತ್ತದೆ. ಬೂಟಿನಡಿ ಹಿಮ ಕರ್... ಕರ್... ಅನ್ನುತ್ತಿತ್ತು. ಬೇರೆ ಸದ್ದಿಲ್ಲ.

ಮುಂದೆ ಬಾವಿ ತಿರುವು. ಹಿಂದೆ ಯಾವಾಗಲೋ ಕುರುಬರು ತೋಡಿದ ಬಾವಿ, ಈಗ ಹಲಗೆ ಮುಚ್ಚಿದೆ. ಅದರ ಪಕ್ಕ ಒನೊಫ್ರೆಯ ಶಿಲುಬೆ. ಈ ಸೀಮೆಯಲ್ಲಿ ರಸ್ತೆಯಲ್ಲಿ ಸತ್ತವರಿಗೆ ಸತ್ತ ಜಾಗದಲ್ಲೇ ಶಿಲುಬೆ ನೆಡುತ್ತಾರೆ. ಗಾಡಿಯದೇ ಒಂದು ತುಂಡನ್ನು ಅದಕ್ಕೆ ಸೇರಿಸುತ್ತಾರೆ. ಒಬ್ಬರು ಸ್ಟಿಯರಿಂಗ್ ಹಾಕಿದರೆ ಇನ್ನೊಬ್ಬರು ಚಕ್ರದ ಬಟ್ಟಲು. ಎರ್ಲಿಂಡಾಳ ಮೈದುನ ವೆಲ್ಡಿಂಗ್ ಬಲ್ಲವನು. ಅವನು ಹಿಂದಿನ ಆಕ್ಸಲ್ ಒಡೆದು ಒಳಗಿನ ದೊಡ್ಡ ಹಲ್ಲುಚಕ್ರವನ್ನು, ಕ್ರೌನನ್ನು, ಹೂಮಾಲೆಯ ಹಾಗೆ ಕಬ್ಬಿಣದ ಶಿಲುಬೆಗೆ ಬೆಸೆದಿದ್ದ. ಉಳಿದದ್ದೆಲ್ಲ ಗುಜರಿಗೆ ಹೋಯಿತು.

ಅದನ್ನು ಮೊದಲ ಸಲ ನೋಡಿದಾಗ ಡೆಲ್ಫಿನೊ ಮುಖ ತಿರುಗಿಸಿಕೊಂಡಿದ್ದ. ಆ ಕ್ರೌನನ್ನು ಆಕ್ಸಲಿಗೆ ಕೂರಿಸಿದವನು ಅವನೇ.

ಭಾವ, ಭಾಮೈದ ಇಬ್ಬರ ಬಳಿಯೂ ಒಂದೇ ತರದ ಪಿಕಪ್. ದಿನಾ ಗಣಿಗೆ ಹೋಗುವುದಕ್ಕೂ ಅದೇ, ಬೆಟ್ಟದಿಂದ ಸೌದೆ ತರುವುದಕ್ಕೂ ಅದೇ. ಎರಡರ ಹಿಂದಿನ ಆಕ್ಸಲೂ ಬೇರಿಂಗು ಸವೆದು ಗೊರಗುಡುತ್ತಿತ್ತು. ಬಿಚ್ಚುವುದು ಹೇಗೂ ಬಿಚ್ಚುತ್ತೇವೆ, ಘಾಟಿ ಹತ್ತುವುದಕ್ಕೆ ಒದಗುವ ಹೊಸ ಗೇರನ್ನೇ ಹಾಕಿಬಿಡೋಣ ಅಂತ ಒಂದೇ ತರದ ಎರಡು ಜೊತೆ ಕ್ರೌನ್-ಪಿನಿಯನ್, ಅಂದರೆ ದೊಡ್ಡ ಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ, ತರಿಸಿದರು. ಇವುಗಳನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದು ಜೋಡಿಯ ಎರಡಕ್ಕೂ ಒಂದೇ ನಂಬರು ಕೆತ್ತಿರುತ್ತಾರೆ. ಜೋಡಿ ಅಗಲಿಸಬಾರದು. ಡೆಲ್ಫಿನೊನದು ಹದಿನೇಳು. ಒನೊಫ್ರೆಯದು ಐವತ್ತೆರಡು.

“ನೋಡೇ, ನನಗೆ ಪೂರ್ತಿ ಇಸ್ಪೀಟು ಕಟ್ಟೇ ಬಂದಿದೆ!” ಒನೊಫ್ರೆ ಅಡುಗೆಮನೆಗೆ ಕೇಳುವಂತೆ ಕೂಗಿದ್ದ. “ನಿನ್ನ ತಮ್ಮನಿಗೆ ಹದಿನೇಳೇ ಎಲೆ. ಅದರಲ್ಲೂ ಎಲ್ಲಾ ಜೋಕರು.”

“ಬಾಯಿ ಮುಚ್ಕೊಂಡು ಟಾರ್ಚು ಹಿಡೀರಿ, ಭಾವ.”

ಎರಡು ಜೊತೆಯನ್ನೂ ಒಂದೇ ತಟ್ಟೆ ಸೀಮೆಎಣ್ಣೆಯಲ್ಲಿ ತೊಳೆದು ಒಂದೇ ಗೋಣಿಯ ಮೇಲೆ ಹರವಿದರು. ಅವು ಬಂದ ರಟ್ಟಿನ ಡಬ್ಬಿಗಳನ್ನು ಎರ್ಲಿಂಡಾ ಒಲೆಗೆ ಹಾಕಿದಳು. ಒನೊಫ್ರೆಯ ಗಾಡಿ ಮೊದಲು ಮುಗಿಯಿತು. ಸರಿಯಾಗಿ ಕೂತಿದೆಯೇ ನೋಡಲು ಹಲ್ಲಿಗೆ ಹಚ್ಚಿದ ಹಳದಿ ಬಣ್ಣ ನಡುವೆ ಸವೆಯಬೇಕಾದದ್ದು ಅಂಚಿನಲ್ಲಿ ಸವೆದಿತ್ತು. “ಓಡ್ತಾ ಓಡ್ತಾ ಕೂರುತ್ತೆ” ಅಂದ ಡೆಲ್ಫಿನೊ. ಎಣ್ಣೆ ಸುರಿದು ಮುಚ್ಚಿದರು. ಕತ್ತಲಾಗುವ ಹೊತ್ತಿಗೆ ತನ್ನ ಗಾಡಿಯ ಮುಚ್ಚಳ ಹಾಕಲು ಹೋದಾಗ ಅವನಿಗೆ ಕಂಡಿತು. ತನ್ನ ಆಕ್ಸಲಿನೊಳಗಿನ ಪಿನಿಯನ್ ಮೇಲೆ ಹದಿನೇಳು, ಕ್ರೌನ್ ಅಂಚಿನಲ್ಲಿ ಐವತ್ತೆರಡು. ಅಂದರೆ ಹದಿನೇಳರ ಕ್ರೌನ್ ಭಾವನ ಗಾಡಿಯಲ್ಲಿದೆ.

ಒನೊಫ್ರೆ ಗಾಡಿಯಡಿಗೆ ಬಗ್ಗಿ ಟಾರ್ಚು ಹಿಡಿದಿದ್ದ. “ಕಾಣಿಸ್ತಾ ಇದೆಯಾ, ಭಾಮೈದ?”

ಎರಡು ಆಕ್ಸಲ್ ಮತ್ತೆ ಬಿಚ್ಚಬೇಕು. ಒಳಗೆ ಮೆಣಸಿನಕಾಯಿ ಸಾರು ಕುದಿಯುತ್ತಿತ್ತು. ಬೆಳಗ್ಗೆ ಪಾಳಿ.

“ಕಾಣಿಸ್ತಾ ಇದೆ” ಅಂದ ಡೆಲ್ಫಿನೊ. ಮುಚ್ಚಳ ಹಾಕಿದ. ಬೋಲ್ಟುಗಳ ತಲೆಯೂ ಮುಚ್ಚುವಂತೆ ಕರಿ ಬಣ್ಣ ಬಳಿದ.

ಅಂದಿನಿಂದ ಎರಡು ಗಾಡಿಯೂ ಕೂಗತೊಡಗಿದವು. ನಲವತ್ತು ಮೈಲಿ ವೇಗ ಮುಟ್ಟಿದರೆ ಙೀಂ... ಅಂತ, ಕಿವಿಯೊಳಗೆ ಸೊಳ್ಳೆ ಹೊಕ್ಕ ಹಾಗೆ. ಕಾಲು ತೆಗೆದರೆ ಗೊರ್‍ರ್... “ಹೊಸ ಗೇರು ಹಾಡುತ್ತೆ” ಅಂದ ಡೆಲ್ಫಿನೊ. ಭಾವ ನಂಬಿದ. ಆ ಶರತ್ಕಾಲದಲ್ಲೇ ಸತ್ತ. ತಿರುವಿಗೆ ಬಹಳ ಮುಂಚೆಯೇ ರಸ್ತೆಯ ಮೇಲೆ ಎರಡು ಕಪ್ಪು ಗೆರೆ ಬಿದ್ದಿದ್ದವು. ಎರಡೂ ಹಿಂದಿನ ಚಕ್ರದವು. ಬ್ರೇಕು ತುಳಿದರೆ ನಾಲ್ಕು ಚಕ್ರವೂ ಎಳೆಯುತ್ತವೆ. ಹಿಂದಿನವು ಎರಡೇ ಎಳೆದಿವೆ ಎಂದರೆ ಗೇರು ಒಳಗೇ ಕಚ್ಚಿಕೊಂಡಿದೆ. ಇದನ್ನು ಓದಬಲ್ಲವನು ಅಲ್ಲಿ ಒಬ್ಬನೇ ಇದ್ದ. ಅವನು ಬಾಯಿ ಬಿಡಲಿಲ್ಲ.

ಶಿಲುಬೆ ನೆಟ್ಟ ಮೇಲೆ ಇನ್ನೊಂದು ಶುರುವಾಯಿತು. ಡೆಲ್ಫಿನೊನ ಗಾಡಿ ದಾರಿಯುದ್ದಕ್ಕೂ ಕೂಗುತ್ತದೆ, ಬಾವಿ ತಿರುವಿಗೆ ಬಂದಾಗ ಕೂಗು ನಿಲ್ಲಿಸುತ್ತದೆ. ಇಂಜಿನ್ನು ಕೇಳುತ್ತದೆ, ಟೈರು ಕೇಳುತ್ತದೆ, ಆ ಙೀಂ ಒಂದೇ ಇಲ್ಲ. ತಿರುವು ದಾಟಿದ ಮೇಲೆ ಮತ್ತೆ ಬರುತ್ತದೆ. ಗಾಳಿ ಅಂದುಕೊಂಡ. ಗಾಳಿ ಇಲ್ಲದ ದಿನವೂ ನಿಂತಿತು.

ಈಗ ಅದೇ ತಿರುವಿಗೆ ನಡೆದು ಬಂದಿದ್ದ. ಮೊದಲು ಕೇಳಿಸಿದ್ದು ಬಾವಿಯ ಕಡೆಯಿಂದ.

ಙೀಂ...

ನಿಂತ. ಹಿಂದೆ ಮುಂದೆ ಗಾಡಿ ಇಲ್ಲ, ಬೆಳಕಿಲ್ಲ. ನಲವತ್ತು ಮೈಲಿಯ ಸದ್ದು ನಿಂತಲ್ಲೇ ನಿಂತಿತ್ತು. ಹತ್ತಿರ ಹೋದ. ಸದ್ದು ಶಿಲುಬೆಯಿಂದ ಬರುತ್ತಿತ್ತು. ಕೈಗವಸು ತೆಗೆದು ಕ್ರೌನ್ ಮುಟ್ಟಿದ.

ಬೆಚ್ಚಗಿತ್ತು. ಈಗಷ್ಟೇ ಘಾಟಿ ಇಳಿದು ಬಂದ ಆಕ್ಸಲಿನಷ್ಟು.

ಟಾರ್ಚು ಹಾಕಿ ಅಂಚಿನ ತುಕ್ಕು ಉಜ್ಜಿದ. ಹದಿನೇಳು.

ಬೆನ್ನ ಹಿಂದೆ, ಕಿವಿಗೆ ತೀರ ಹತ್ತಿರ... “ಕಾಣಿಸ್ತಾ ಇದೆಯಾ, ಭಾಮೈದ?”

ಡೆಲ್ಫಿನೊ ತಿರುಗಲಿಲ್ಲ. “ಕಾಣಿಸ್ತಾ ಇದೆ, ಭಾವ.”

ಸದ್ದು ನಿಂತಿತು. ಕೈಯಡಿಯ ಕಬ್ಬಿಣ ಒಮ್ಮೆಗೇ ಹಿಮದಂತೆ ತಣ್ಣಗಾಯಿತು.

ಅಕ್ಕನ ಮನೆ ಇಳಿಜಾರಿನ ಕೆಳಗೇ ಇತ್ತು. ಬಾಗಿಲು ಬಡಿದ. ಎರ್ಲಿಂಡಾ ಕಂಬಳಿ ಹೊದ್ದು ಬಂದಳು.

“ಯಾರು ಸತ್ತರೋ?”

“ಯಾರೂ ಇಲ್ಲ. ಅಕ್ಕ, ಭಾವ ಕುಡಿದಿರಲಿಲ್ಲ.”

“ಇದನ್ನ ಹೇಳೋಕೆ ಇಷ್ಟು ಹೊತ್ತಿನಲ್ಲಿ ಬಂದ್ಯಾ? ಅದನ್ನ ನಾನು ವರ್ಷದಿಂದ ಹೇಳ್ತಾ ಇದ್ದೀನಿ.”

ಅವನು ಹೇಳಿದ. ಗೋಣಿ, ನಂಬರು, ಟಾರ್ಚು, ಕರಿ ಬಣ್ಣ, ರಸ್ತೆಯ ಎರಡು ಗೆರೆ. ಅವಳು ಒಲೆಯ ಕಡೆ ನೋಡುತ್ತಾ ಕೇಳಿದಳು. ಬೈಯುತ್ತಾಳೆ ಅಂದುಕೊಂಡಿದ್ದ. ಬೈಯಲಿಲ್ಲ.

“ಅದು ಆ ಚಕ್ರದ ಮೇಲೆ ಬರೆದಿದೆಯಾ?”

“ಈಗ ನೋಡಿ ಬಂದೆ. ಹದಿನೇಳು, ನಂದು. ಅವರದ್ದು ಐವತ್ತೆರಡು.”

“ಇಸ್ಪೀಟು ಕಟ್ಟು” ಅಂದಳು ಎರ್ಲಿಂಡಾ, ಮೆಲ್ಲಗೆ. ಆಮೇಲೆ ಬೂಟು ಹುಡುಕತೊಡಗಿದಳು. “ನಾಳೆ ಪೂಜೆ ಆದ್ಮೇಲೆ ಎಲ್ಲರ ಮುಂದೆ ಹೇಳ್ತೀಯಾ? ಪಾದ್ರಿಗಳ ಮುಂದೆ?”

“ಹೇಳ್ತೀನಿ.”

“ನಿನ್ನ ಮುಖ ಆಮೇಲೆ ನೋಡ್ತೀನೋ ಇಲ್ವೋ ಗೊತ್ತಿಲ್ಲ. ನಡಿ, ಮೊದಲು ಅದನ್ನ ತೋರಿಸು.”

ಅವಳು ಅಷ್ಟು ಬೇಗ ಘಾಟಿ ಹತ್ತಿದ್ದನ್ನು ಅವನು ಕಂಡಿರಲಿಲ್ಲ. ಶಿಲುಬೆಯ ಮುಂದೆ ಟಾರ್ಚು ಅವಳೇ ಹಿಡಿದಳು. ಅವನು ಮಂಡಿಯೂರಿ, ತಾನೇ ಉಜ್ಜಿದ ಜಾಗಕ್ಕೆ ಮುಖ ತಂದ.

“ಕಾಣಿಸ್ತಾ ಇದೆಯಾ?” ಕೇಳಿದಳು ಅಕ್ಕ.

ಅವನು ಹೆಬ್ಬೆರಳಿನಿಂದ ಇನ್ನೊಮ್ಮೆ ಉಜ್ಜಿದ. ಅವಳೇ ಬಗ್ಗಿ ಓದಿದಳು. ಐವತ್ತೆರಡು.

ಬೆಸುಗೆ ಹಾಗೇ ಇತ್ತು. ಸುತ್ತಲೂ ವರ್ಷದ ತುಕ್ಕು, ಒಂದು ಬಿರುಕಿಲ್ಲ. ಹಿಮದಲ್ಲಿ ಅವರಿಬ್ಬರ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ.

ಎರ್ಲಿಂಡಾ ಟಾರ್ಚು ಆರಿಸಿದಳು. ಆಮೇಲೆ ತಮ್ಮನ ಬಾಯಿಯ ಹತ್ತಿರ ಮುಖ ತಂದು ಮೂಸಿದಳು.

“ನೀನೂ ಕುಡೀತಿದ್ದೀಯೇನೋ?”

ಭಾನುವಾರ ಪೂಜೆಯ ನಂತರ ಡೆಲ್ಫಿನೊ ಎದ್ದು ನಿಂತು ಎಲ್ಲವನ್ನೂ ಹೇಳಿದ. ಜನ ತಾಳ್ಮೆಯಿಂದ ಕೇಳಿದರು. ಗಣಿಯ ಇಬ್ಬರು ಮೇಲಕ್ಕೆ ಹೋಗಿ ನಂಬರು ನೋಡಿ ಬಂದು, ಐವತ್ತೆರಡೇ ಇದೆ ಅಂತ ತಲೆಯಲ್ಲಾಡಿಸಿದರು. ಪಾದ್ರಿ ಬೆನ್ನು ತಟ್ಟಿದರು. ಅಕ್ಕನ ಮಾನ ಉಳಿಸಲು ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡ, ಇಂಥ ತಮ್ಮ ಎಲ್ಲರಿಗೂ ಸಿಗುವುದಿಲ್ಲ ಅಂದರು. ಹೆಂಗಸರು ಅವನ ಕೈಗೆ ರೊಟ್ಟಿಯ ಗಂಟು ಕೊಟ್ಟರು. ಅವನು ಆ ಗಂಟು ಹಿಡಿದುಕೊಂಡೇ ನಿಂತಿದ್ದ. ಎರ್ಲಿಂಡಾ ಅವನ ಕಡೆ ನೋಡದೆ ಹೊರಟುಹೋದಳು.

ಮಧ್ಯಾಹ್ನ ಪೆಟ್ರೋಲ್ ಹಾಕಿ ಗಾಡಿ ತಂದ. ನಲವತ್ತಕ್ಕೆ ಏರಿಸಿದ. ಸದ್ದಿಲ್ಲ. ಐವತ್ತಕ್ಕೂ ಇಲ್ಲ. ಬಾವಿ ತಿರುವು ದಾಟಿದ ಮೇಲೂ ಇಲ್ಲ.

ಅಂಗಳದಲ್ಲಿ ಜಾಕ್ ಹಾಕಿ ಎತ್ತಿ, ಅಡಿಗೆ ತೆವಳಿದ. ಇದು ಹಗಲಿನಲ್ಲೇ ನಡೆದದ್ದು, ನೋಡಿದವರು ಇನ್ನೂ ಬದುಕಿದ್ದಾರೆ. ಮುಚ್ಚಳದ ಬೋಲ್ಟುಗಳ ಮೇಲೆ ಅವನೇ ಬಳಿದ ಕರಿ ಬಣ್ಣ ಒಂದು ಕಡೆಯೂ ಒಡೆದಿರಲಿಲ್ಲ. ಸ್ಪ್ಯಾನರ್ ಹಾಕಿದಾಗಲೇ ಮೊದಲ ಸಲ ಸಿಪ್ಪೆ ಎದ್ದಿತು. ಎಣ್ಣೆ ಸುರಿದುಹೋಗಲು ಬಿಟ್ಟು, ಬಟ್ಟೆಯಿಂದ ಕ್ರೌನ್ ಒರೆಸಿದ.

ಅಂಚಿನಲ್ಲಿ ಹದಿನೇಳು ಅಂತ ಇತ್ತು.