ಮಾರ್ಚಿಯ ಕಡೆಯ ದಿನ

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಬಸ್ಸಿನಲ್ಲಿ ಜುಲೇಖಾಬಿ ತಲೆತಗ್ಗಿಸಿ ಮುಂದಿನವರ ಮಾತು ಕೇಳುತ್ತ ಕುಳಿತಿದ್ದರು. ಮುಂದಿನ ಸೀಟಿನಲ್ಲಿ ಶಿಶುವಿಹಾರ ನಡೆಸುವ ಶಮೀಮ್. ಮಗನನ್ನು ತೊಡೆಗೇರಿಸಿಕೊಂಡು ಶಮೀಮಳ ಪಕ್ಕದಲ್ಲಿ ಕುಳಿತ ನಫೀಸಾ ಅವಳನ್ನು ಕೇಳುತ್ತಿದ್ದಳು.

“ಆಪಾ, ಆಸ್ಪತ್ರೆ ಅಡುಗೆಮನೆಯಲ್ಲಿ ಬೆಳಗಿನ ಕೆಲಸ ಸಿಕ್ಕಿದೆ. ಈಸ್ಟರ್ ರಜೆ ಮುಗೀತಿದ್ದಂಗೇ ಬಾ ಅಂತಾರೆ. ಇವನನ್ನ ಯಾರ ಹತ್ರ ಬಿಡ್ಲಿ?”

“ನಮ್ಮಲ್ಲಿ ಬಿಡು. ಮೂರು ತುಂಬಿದವರಿಗೆ ವಾರಕ್ಕೆ ಹದಿನೈದು ಗಂಟೆ ಪುಕ್ಕಟೆ. ನಮಗೆ ಸರ್ಕಾರವೇ ಕೊಡುತ್ತೆ.”

“ಈಗ ತಾನೇ ತುಂಬಿದೆ. ಸೆಪ್ಟೆಂಬರ್‌ವರೆಗೂ ಕಾಯ್ಬೇಕು ಅಂದ್ಲು ನಾದಿನಿ.”

“ಏಪ್ರಿಲ್‌ನಲ್ಲಿ ತುಂಬಿದ್ರೆ ಹೌದು. ಹುಟ್ಟಿದ್ದು ಯಾವತ್ತು?”

“ಮಾರ್ಚಿ ಮೂವತ್ತೊಂದು. ಇನ್ನೊಂದು ವಾರ ಬಿಟ್ಟು ಹುಟ್ಟಬೇಕಾದವನು, ಅವರಪ್ಪ ಓಡಿಸೋ ಟ್ಯಾಕ್ಸಿಯಲ್ಲೇ ಹುಟ್ಟಿಬಿಟ್ಟ. ಸೀಟು ಹಾಳಾಯ್ತು ಅಂತ ಅವರಪ್ಪ ಇವತ್ತಿಗೂ ಗೊಣಗ್ತಾರೆ.”

ಶಮೀಮ್ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕಳು.

“ಅಯ್ಯೋ ಪೆದ್ದಿ! ಮಾರ್ಚಿ ಒಳಗೆ ಮೂರಾದ್ರೆ ಈ ಏಪ್ರಿಲ್ಲಿಂದ್ಲೇ ಲೆಕ್ಕ. ಇನ್ನೊಂದು ದಿನ ಹೊಟ್ಟೇಲಿದ್ದಿದ್ರೆ ನಿನ್ನ ಕೆಲಸ ಹೋಗ್ತಿತ್ತು!”

“ನಿಜವಾ ಆಪಾ? ಜಾಗ ಇದೆಯಾ?”

“ಒಂದಿದೆ, ಇವನಿಗೇ. ಶಾಲೆ ಬಾಗಿಲು ತೆಗೆದ ದಿನವೇ ಕರ್ಕೊಂಡು ಬಾ. ಊಟ ಮಾತ್ರ ಡಬ್ಬೀಲಿ ಕಳಿಸು, ಅದಕ್ಕೆ ಸರ್ಕಾರ ಕೊಡಲ್ಲ.”

“ಡಬ್ಬಿ ಏನು, ನಿಮಗೂ ಬಿರಿಯಾನಿ ಕಳಿಸ್ತೀನಿ!”

ನಫೀಸಾ ಮಗನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಪ್ರತಿ ಜೀವಕ್ಕೂ ಅದರ ಗಳಿಗೆ ಬರೆದಿಟ್ಟಿದೆ ಎಂದು ಜುಲೇಖಾಬಿಯ ತಂದೆ ರಾಗವಾಗಿ ಹಾಡುತ್ತಿದ್ದರು. ಆ ಬರಹ ಸರ್ಕಾರಿ ಗಳಿಗೆಗೂ ಹೊಂದುತ್ತದೆಂದು ಮಗಳಿಗೆ ತಿಳಿದದ್ದು ಇಂದೇ.

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹುಡುಗ ಬಾಗಿಲಿಗೆ ಓಡಿದ.

“ಏಯ್, ನಿಧಾನ ಕಣೋ!”

“ಬೈಬೇಡ್ವೇ,” ಎಂದಳು ಶಮೀಮ್ ಇಳಿಯುತ್ತ, “ಅವನ ಅವಸರದಿಂದಲೇ ನಿನಗೆ ಸಂಬಳ.”